ಪದವಿನ ಮೇಲೊಂದು ಭಾನುವಾರ

ವಿದ್ಯಾನಗರದ ನ್ಯಾಯಾಲಯದಿಂದ ಪೆರ್ಲದ ಕಡೆಗೆ ಹೊರಟವರು ಚೆರ್ಕಳದಲ್ಲಿ ರಾಷ್ಟ್ರೀಯ ಹೆದ್ದಾರಿಯನ್ನು ಬಿಟ್ಟು ಕಲ್ಲಡ್ಕದ ರಸ್ತೆಗೆ ತಿರುಗಬೇಕು. ಕಳೆದ ಜನವರಿಯ ಒಂದು ಭಾನುವಾರ ನಾನು ಈ ದಾರಿಯಲ್ಲಿ ಹೊರಟದ್ದು ವಿಹಾರಕ್ಕಲ್ಲ. ಎರಡು ಅಡಿಕೆ ತೋಟಗಳ ನಡುವಣ ಗಡಿಯ ತಕರಾರಿನಲ್ಲಿ ಸ್ಥಳ ಪರಿಶೀಲಿಸಿ ವರದಿ ಸಲ್ಲಿಸುವಂತೆ ನ್ಯಾಯಾಲಯವು ನನ್ನನ್ನು ಕಮಿಷನರನಾಗಿ ನೇಮಿಸಿತ್ತು. ಇಬ್ಬರೂ ಕಕ್ಷಿದಾರರಿಗೆ ಬಿಡುವಿದ್ದುದು ಭಾನುವಾರ ಮಾತ್ರ.

ಈ ದಾರಿಯಲ್ಲಿ ಎಡನೀರು ಸಿಗುತ್ತದೆ. ವಕೀಲನಾದವನು ಅದನ್ನು ಸುಮ್ಮನೆ ದಾಟಿ ಹೋಗಲಾರ. ಮಠದ ಭೂಮಿಗೆ ಸಂಬಂಧಿಸಿ ಇಲ್ಲಿಯ ಕೇಶವಾನಂದ ಭಾರತೀ ಸ್ವಾಮಿಗಳು 1970ರಲ್ಲಿ ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳು 68 ದಿನ ಆಲಿಸಿದರು. 1973ರ ಏಪ್ರಿಲ್ 24ರಂದು ಬಂದ ತೀರ್ಪು ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸಲಾಗದು ಎಂದಿತು. ದೊಡ್ಡ ಪ್ರಶ್ನೆಗಳು ಹುಟ್ಟುವುದಕ್ಕೆ ದೊಡ್ಡ ಪಟ್ಟಣವೇ ಬೇಕಾಗಿಲ್ಲವೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಉತ್ತಮ ಸಾಕ್ಷ್ಯ ಇನ್ನೊಂದಿಲ್ಲ.

ಮುಂದೆ ಬದಿಯಡ್ಕ. ಅದರ ಪಕ್ಕದ ಪೆರಡಾಲದಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳು ಅಧ್ಯಾಪಕರಾಗಿದ್ದರು. ಬದಿಯಡ್ಕ ದಾಟಿದರೆ ಪೆರ್ಲ. ಪೇಟೆಯ ಬೋರ್ಡುಗಳಲ್ಲಿ ಕನ್ನಡವೂ ಮಲಯಾಳವೂ ಅಕ್ಕಪಕ್ಕದಲ್ಲಿವೆ, ಅಂಗಡಿಯ ಜಗಲಿಯಲ್ಲಿ ತುಳು ಕೇಳಿಸುತ್ತದೆ. ಇಲ್ಲಿಂದ ಒಳಗೆ ಸ್ವರ್ಗವೆಂಬ ಊರಿದೆ. ‘ಒಂದು ಸ್ವರ್ಗ’ ಎಂದು ಟಿಕೆಟು ಕೇಳುವ ಹೊಸಬರನ್ನು ಕಂಡು ಬಸ್ಸಿನಲ್ಲಿದ್ದವರು ಇಂದಿಗೂ ನಗುತ್ತಾರೆ. ನಾನು ಹೋಗಬೇಕಾಗಿದ್ದುದು ಆ ಸೀಮೆಯ ಒಂದು ತಗ್ಗಿಗೆ. ಕಕ್ಷಿದಾರರ ಮರ್ಯಾದೆಯ ದೃಷ್ಟಿಯಿಂದ ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಅಳತೆ ಮುಗಿಯುವಾಗ ಹನ್ನೊಂದು ಗಂಟೆ. ಮನೆಯ ಅಜ್ಜ ಬೆಲ್ಲ ನೀರು ಕೊಟ್ಟು, ತೋಟದ ಹಿಂದಿರುವ ಸುರಂಗವನ್ನು ತೋರಿಸಿದರು. ಮುರಕಲ್ಲಿನ ಗುಡ್ಡದ ಹೊಟ್ಟೆಗೆ ಒಬ್ಬ ಮನುಷ್ಯ ನಡೆದು ಹೋಗುವಷ್ಟು ಅಗಲವಾಗಿ, ಪಿಕ್ಕಾಸಿನಿಂದ ಕೊರೆದ ನೀರಿನ ದಾರಿ ಅದು. ಒಳಗೆ ಜಿನುಗುವ ನೀರು ಹಿಂದೆ ಅಡಿಕೆಯ ದಂಬೆಯಲ್ಲಿ, ಈಗ ಪೈಪಿನಲ್ಲಿ ಹರಿದು ಅಂಗಳದ ತೊಟ್ಟಿಗೆ ಬೀಳುತ್ತದೆ. “ಬೇಸಗೆಯಲ್ಲಿ ನೂಲಿನ ಹಾಗೆ ಬರುವುದು, ವಕೀಲರೇ. ಆದರೆ ರಾತ್ರಿ ಬಿದ್ದದ್ದು ಬೆಳಿಗ್ಗೆ ಅಲ್ಲೇ ಉಂಟು” ಎಂದರು ಅಜ್ಜ. ಆ ಮಾತು ಆಗ ನನಗೆ ವಿಶೇಷವೆನಿಸಲಿಲ್ಲ.

ಎದುರು ಪಕ್ಷದ ವಕೀಲರಿಗೆ ಒಂದು ಸಂದೇಶ ಕಳುಹಿಸಬೇಕಾಗಿತ್ತು. ಫೋನಿನಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ನಿಲ್ಲುತ್ತಿರಲಿಲ್ಲ. “ಅದಕ್ಕೆ ಪದವಿಗೆ ಹೋಗಬೇಕು” ಎಂದು ಅಜ್ಜ ಗುಡ್ಡದ ಕಡೆಗೆ ಕೈ ತೋರಿಸಿದರು.

ಇಪ್ಪತ್ತು ನಿಮಿಷದ ಏರು. ಮೇಲೆ ಬಂದರೆ ಕಪ್ಪು ಕೆಂಪಿನ ಮುರಕಲ್ಲಿನ ಬಯಲು, ಒಣಗಿದ ಮುಳಿಹುಲ್ಲು, ಹೂ ಬಿಟ್ಟ ಗೇರು ಮರಗಳು. ಫೋನು ಎಚ್ಚೆತ್ತು ಮೊದಲು ತಂದ ಸಂದೇಶ ‘ಕರ್ನಾಟಕಕ್ಕೆ ಸ್ವಾಗತ’ ಎಂಬುದು. ನಾನು ಕೇರಳದ ನೆಲದಲ್ಲಿಯೇ ನಿಂತಿದ್ದೆ. ಆಚೆಯ ಊರಿನ ಟವರೊಂದು ನನ್ನನ್ನು ತನ್ನವನೆಂದು ಭಾವಿಸಿತ್ತು. 1956ರ ನವೆಂಬರ್ 1ರಂದು ಎಳೆದ ಗೆರೆಯನ್ನು ತಲೆಮಾರುಗಳ ಮನವಿಗಳು ಅಲುಗಿಸಲಾಗಲಿಲ್ಲ, ಈ ಟವರು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಗೇರು ಮರದ ನೆರಳಿನಲ್ಲಿ ಏಳೆಂಟು ಮಂದಿ ಇದ್ದರು. ತಾಯಂದಿರು ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಮಕ್ಕಳು ಫೋನುಗಳ ಮೇಲೆ ಬಾಗಿದ್ದರು. ಹತ್ತನೆಯ ತರಗತಿಯ ಒಬ್ಬಳು ಹುಡುಗಿ ಮಾತ್ರ ಫೋನನ್ನು ಕಲ್ಲಿನ ಮೇಲೆ ಮಗುಚಿಟ್ಟು ನೋಟ್ ಪುಸ್ತಕದಲ್ಲಿ ಲೆಕ್ಕ ಬರೆಯುತ್ತಿದ್ದಳು. ಗಣಿತವೇ ಎಂದು ಕೇಳಿದೆ. “ಅಲ್ಲ ಮಾವ, ಡಾಟಾದ್ದು” ಎಂದಳು.

ಅವಳ ತಾಯಿ ವಿವರಿಸಿದರು. ಮಾರ್ಚಿನಲ್ಲಿ ಪರೀಕ್ಷೆ. ಕೇರಳದ ಪಾಠಪಟ್ಟಿಗೆ ಕನ್ನಡದಲ್ಲಿ ಗೈಡುಗಳು ಸಿಗುವುದು ಕಷ್ಟ. ಪುತ್ತೂರು, ವಿಟ್ಲದ ಅಂಗಡಿಗಳಲ್ಲಿ ಇರುವುದು ಕರ್ನಾಟಕದ ಪಾಠಪಟ್ಟಿಯದು, ನಮ್ಮ ಮಕ್ಕಳಿಗೆ ಅದು ಹೊಂದುವುದಿಲ್ಲ. ಮಲಯಾಳದಲ್ಲಿ ಬೇಕಾದಷ್ಟು ವಿಡಿಯೋಗಳಿವೆ, ಅವು ಕನ್ನಡ ಮಾಧ್ಯಮದ ಮಗುವಿಗೆ ಅರ್ಧ ಮಾತ್ರ ಸಹಾಯ. ಆದುದರಿಂದ ಶಾಲೆಯ ಅಧ್ಯಾಪಕರು ತಾವೇ ಪಾಠಗಳನ್ನು ಕನ್ನಡದಲ್ಲಿ ಧ್ವನಿಮುದ್ರಿಸಿ, ಚಿತ್ರೀಕರಿಸಿ ಕಳುಹಿಸುತ್ತಿದ್ದರು. ತಗ್ಗಿನ ಮನೆಯಲ್ಲಿ ವಾಟ್ಸಾಪಿನ ಅಕ್ಷರ ಬರುತ್ತದೆ, ವಿಡಿಯೋ ಬರುವುದಿಲ್ಲ. ವಾರದ ದಿನಗಳಲ್ಲಿ ಶಾಲೆಯಿಂದ ಬರುವಾಗ ಸಂಜೆಯಾಗುತ್ತದೆ. ಕತ್ತಲಲ್ಲಿ ಹೆಣ್ಣುಮಗಳನ್ನು ಪದವಿಗೆ ಕಳುಹಿಸಲು ಯಾರೂ ಒಪ್ಪುವುದಿಲ್ಲ. ಉಳಿದದ್ದು ಭಾನುವಾರ.

ಅವರ ಫೋನಿಗೆ ಹಾಕಿದ್ದು 28 ದಿನದ ರೀಚಾರ್ಜು, ದಿನಕ್ಕೆ 1.5 ಜಿಬಿ. ಹುಡುಗಿ ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿದಳು. 28 ದಿನಕ್ಕೆ 42 ಜಿಬಿ. ಅದರಲ್ಲಿ ಭಾನುವಾರಗಳು 4, ಬಳಸಿದ್ದು 6 ಜಿಬಿ. ಹೋದದ್ದು 36 ಜಿಬಿ. ಆ ದಿನ ಬೆಳಿಗ್ಗೆ ಎರಡು ಪಾಠ ಇಳಿಸಿಕೊಂಡು ಮೂರನೆಯದರ ನಡುವಿಗೆ ಬರುವಾಗ ದಿನದ ಪಾಲು ಮುಗಿದಿತ್ತು. ಫೋನು ಮಗುಚಿ ಮಲಗಿದ್ದುದು ಅದಕ್ಕೆ. ಇನ್ನು ಮುಂದಿನ ಭಾನುವಾರವೇ.

“ಅಂಗಡಿಯಿಂದ ತಂದ ಅಕ್ಕಿ ಆ ದಿನ ಉಣ್ಣದಿದ್ದರೆ ರಾತ್ರಿ ಹನ್ನೆರಡಕ್ಕೆ ಅಂಗಡಿಗೆ ವಾಪಸು ಹೋಗ್ತದಾ ಮಾವ?”

ನಾನು ಇಪ್ಪತ್ತು ವರ್ಷದಿಂದ ಪ್ರಶ್ನೆ ಕೇಳಿ ಬದುಕುತ್ತಿರುವವನು. ಉತ್ತರ ಹೇಳುವ ಸರದಿ ಬಂದಾಗ ತಡವರಿಸಿದೆ. ನನ್ನ ಫೋನಿನಲ್ಲಿಯೂ ದಿನಕ್ಕೆ 2 ಜಿಬಿ ಇದೆ. ಮನೆಯಲ್ಲಿ ವೈಫೈ ಇರುವುದರಿಂದ ಅದರ ಹೆಚ್ಚಿನ ಪಾಲು ಪ್ರತಿ ರಾತ್ರಿ ಇಲ್ಲವಾಗುತ್ತದೆ. ಅದು ನನಗೆ ನೋಯಲಿಲ್ಲವಾದ್ದರಿಂದ ನಾನೆಂದೂ ಲೆಕ್ಕ ಹಾಕಿರಲಿಲ್ಲ. ತಾಯಿ ಇನ್ನೊಂದು ಲೆಕ್ಕ ಹೇಳಿದರು: “ವರ್ಷಕ್ಕೆ ತಿಂಗಳು ಹನ್ನೆರಡು, ರೀಚಾರ್ಜು ಹದಿಮೂರು. ಎಂತದು ಮಾರಾಯ್ರೆ ಇದು?” ನಿಜ. 28ನ್ನು 13ರಿಂದ ಗುಣಿಸಿದರೆ 364.

ಎದುರು ಪಕ್ಷದ ವಾದವನ್ನೂ ಹೇಳದಿದ್ದರೆ ನನ್ನ ವೃತ್ತಿಗೆ ದ್ರೋಹವಾದೀತು. ಕಂಪೆನಿಯವರು ಡಾಟಾವನ್ನು ಅಕ್ಕಿಯೆಂದು ಒಪ್ಪುವುದಿಲ್ಲ. ಅದು ಬಸ್ಸಿನ ಸೀಟು ಎನ್ನುತ್ತಾರೆ. ಇಂದು ಖಾಲಿಯಾಗಿ ಹೋದ ಸೀಟನ್ನು ನಾಳೆಗೆ ಎತ್ತಿಡಲಾಗದು, ಟವರಿನ ಸಾಮರ್ಥ್ಯವೂ ಹಾಗೆಯೇ. ಎಲ್ಲರೂ ಉಳಿಸಿಟ್ಟು ಒಂದೇ ದಿನ ಬಳಸಿದರೆ ಜಾಲ ಕುಸಿಯುತ್ತದೆ. ನಾವು ಮಾರುವುದು ಒಂದು ಅವಧಿಯೊಳಗೆ ಬಳಸುವ ಹಕ್ಕನ್ನು, ಷರತ್ತನ್ನು ಮೊದಲೇ ಹೇಳಿದ್ದೇವೆ. ಇದು ಹುರುಳಿಲ್ಲದ ವಾದವಲ್ಲ. ದರಗಳನ್ನು ನಿರ್ಧರಿಸುವ ಸ್ವಾತಂತ್ರ್ಯವನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಬಹುಮಟ್ಟಿಗೆ ಕಂಪೆನಿಗಳಿಗೇ ಬಿಟ್ಟಿದೆ. ಅವಧಿ ಮುಗಿದದ್ದೊಂದನ್ನೇ ಕಾರಣವಾಗಿಟ್ಟು ದಾವೆ ಹೂಡಿದರೆ ಗೆಲ್ಲುವುದು ಸುಲಭವಲ್ಲ ಎಂದು ಆ ಹುಡುಗಿಗೆ ಹೇಳಿದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದರೆ ಬಸ್ಸು ನಮ್ಮ ಮನೆಯ ಹತ್ತಿರ ಬರುವುದೇ ಇಲ್ಲವಲ್ಲ” ಎಂದಳು.

ವಿಷಯದ ತಿರುಳು ಅಲ್ಲಿದೆ. ಪಟ್ಟಣದ ಮನುಷ್ಯ ಬಳಸಬಹುದಾಗಿದ್ದೂ ಬಳಸದೆ ಕಳೆದುಕೊಳ್ಳುತ್ತಾನೆ. ತಗ್ಗಿನ ಮನೆಯವರು ಬಳಸಲಾಗದೆ ಕಳೆದುಕೊಳ್ಳುತ್ತಾರೆ. ದಿನದ ಮಿತಿಯೆಂಬುದು ಸಿಗ್ನಲ್ ಎಲ್ಲೆಡೆಯೂ ಒಂದೇ ಸಮನಾಗಿದೆ ಎಂಬ ಊಹೆಯ ಮೇಲೆ ನಿಂತಿದೆ. ನಮ್ಮ ಗುಡ್ಡಗಳಲ್ಲಿ ಆ ಊಹೆ ಸುಳ್ಳು. ಹಣ ಪಡೆದ ಮೇಲೆ ಸೇವೆ ತಲುಪದಿದ್ದರೆ ಅದಕ್ಕೆ ಕಾನೂನಿನಲ್ಲಿ ಸೇವಾ ನ್ಯೂನತೆ ಎಂಬ ಹೆಸರಿದೆ. ‘ಡಾಟಾ ಯಾಕೆ ಮುಗಿಯಿತು’ ಎಂಬ ಪ್ರಶ್ನೆಗಿಂತ ‘ಕೊಟ್ಟ ದಿನಗಳಲ್ಲಿ ಅದು ನನ್ನ ಮನೆಗೆ ತಲುಪಿತೇ’ ಎಂಬ ಪ್ರಶ್ನೆಗೆ ಬಲ ಹೆಚ್ಚು.

ಈ ಪ್ರಶ್ನೆಯನ್ನು ಕೇಳುವ ಬಾಗಿಲು ಬಹಳ ವರ್ಷ ಮುಚ್ಚಿತ್ತು. ಕೇರಳದಿಂದಲೇ ಹೋದ ಒಂದು ಟೆಲಿಫೋನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ, 1885ರ ಟೆಲಿಗ್ರಾಫ್ ಕಾಯಿದೆಯಲ್ಲಿ ಬೇರೆ ಪರಿಹಾರ ಇರುವುದರಿಂದ ಗ್ರಾಹಕ ವೇದಿಕೆಗೆ ಬರುವಂತಿಲ್ಲ ಎಂದಿತ್ತು. 2022ರ ಫೆಬ್ರವರಿ 16ರ ತೀರ್ಪಿನಲ್ಲಿ ಅದೇ ನ್ಯಾಯಾಲಯವು, ಮೊಬೈಲ್ ಕಂಪೆನಿಯ ವಿರುದ್ಧ ಗ್ರಾಹಕ ಆಯೋಗದ ಮುಂದೆ ದೂರು ಕೊಡಬಹುದು ಎಂದು ಸ್ಪಷ್ಟಪಡಿಸಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಕೊಟ್ಟ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಒಂದೇ ತೊಂದರೆಯುಳ್ಳ ಹಲವರು ಆಯೋಗದ ಅನುಮತಿ ಪಡೆದು ಒಟ್ಟಾಗಿಯೂ ದೂರು ಕೊಡಬಹುದು. ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು.

ಅದಕ್ಕೆ ಮುನ್ನ ಹತ್ತಬಹುದಾದ ಎರಡು ಮೆಟ್ಟಿಲುಗಳಿವೆ. ಮೊದಲು ಕಂಪೆನಿಯ ದೂರು ಕೇಂದ್ರಕ್ಕೆ ಕರೆ ಮಾಡಿ, ಅವರು ಕೊಡುವ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಉತ್ತರ ತೃಪ್ತಿಕರವಲ್ಲದಿದ್ದರೆ 30 ದಿನದೊಳಗೆ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬೇಕು. ಅದಕ್ಕೂ ಶುಲ್ಕವಿಲ್ಲ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಇದೆ. ಟ್ರಾಯ್ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ. ಆದರೆ ನಿಯಮ ಮಾಡುವುದು ಅದೇ, ಮತ್ತು ಜನರ ಗೊಣಗಾಟ ಅದರ ಕಿವಿಗೆ ಬಿದ್ದುದೂ ಉಂಟು. ಡಾಟಾ ವೋಚರುಗಳಿಗೆ 365 ದಿನದವರೆಗೆ ಅವಧಿ ಕೊಡಲು 2016ರಲ್ಲಿ ಅವಕಾಶವಾಯಿತು. 28 ದಿನದ ‘ತಿಂಗಳ’ ಬಗ್ಗೆ ದೂರುಗಳು ಬಂದ ಮೇಲೆ, 30 ದಿನದ ಒಂದು ಪ್ಲಾನನ್ನಾದರೂ ಇಡಲೇಬೇಕೆಂದು 2022ರಲ್ಲಿ ಆದೇಶವಾಯಿತು. ಡಾಟಾ ಬೇಡದವರಿಗೆ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರವಿರುವ ವೋಚರನ್ನು ಕೊಡಬೇಕೆಂದು 2024ರ ಡಿಸೆಂಬರಿನಲ್ಲಿ ನಿಯಮ ಬಂತು. ದಕ್ಷಿಣ ಆಫ್ರಿಕದಲ್ಲಿ ಉಳಿದ ಡಾಟಾವನ್ನು ಮುಂದಕ್ಕೆ ಒಯ್ಯುವ, ಇನ್ನೊಬ್ಬರಿಗೆ ದಾಟಿಸುವ ಅವಕಾಶವನ್ನು ಗ್ರಾಹಕರಿಗೆ ಕೊಡಲೇಬೇಕೆಂಬ ನಿಯಮ 2019ರಲ್ಲಿ ಜಾರಿಗೆ ಬಂತು. ಆದುದರಿಂದ ಇದು ಆಗದ ಹೋಗದ ಮಾತಲ್ಲ.

ಆ ಸಂಜೆ ತಾಯಿ ಮಗಳು ನನ್ನ ಕಾರಿನಲ್ಲಿಯೇ ಪೆರ್ಲಕ್ಕೆ ಬಂದರು. ರೀಚಾರ್ಜಿನ ಅಂಗಡಿಯವರಲ್ಲಿ, ದಿನದ ಮಿತಿಯಿಲ್ಲದೆ ಅವಧಿಗೆ ಒಟ್ಟು ಇಂತಿಷ್ಟು ಎಂದು ಕೊಡುವ ಪ್ಯಾಕು ಉಂಟೇ ಎಂದು ವಿಚಾರಿಸಿದೆವು. ಅವರು ಪಟ್ಟಿಯನ್ನು ಕೆಳಗಿನವರೆಗೆ ಎಳೆದು, “ಉಂಟು. ಯಾರೂ ಕೇಳುವುದಿಲ್ಲ, ನಾನು ಹೇಳುವುದೂ ಇಲ್ಲ” ಎಂದು ಪ್ರಾಮಾಣಿಕವಾಗಿ ನಕ್ಕರು. ಅದರಲ್ಲಿ ಒಟ್ಟು ಡಾಟಾ 42 ಜಿಬಿಗಿಂತ ಬಹಳ ಕಡಿಮೆ. ಆದರೆ ಒಂದೇ ಭಾನುವಾರ ಐದು ಜಿಬಿ ಬೇಕಾದರೂ ಬಳಸಬಹುದು. ತಾಯಿ ಒಂದು ಕ್ಷಣ ಯೋಚಿಸಿ, ಹಳೆಯದರ ಅವಧಿ ಮುಗಿದೊಡನೆ ಇದನ್ನೇ ಹಾಕುವುದೆಂದು ನಿಶ್ಚಯಿಸಿದರು. ದೂರಿನ ಕಾಗದವನ್ನು ಹುಡುಗಿಯೇ ಕನ್ನಡದಲ್ಲಿ ಬರೆದಳು. ನಾನು ಮಾಡಿದ್ದು ಅದರ ಇಂಗ್ಲಿಷ್ ಪ್ರತಿ ಮಾತ್ರ.

ದೂರಿಗೆ ಬಂದ ಉತ್ತರ ಎರಡು ಸಾಲಿನದು: ಪ್ಲಾನಿನ ಷರತ್ತಿನಂತೆ ಎಲ್ಲವೂ ಸರಿಯಾಗಿದೆ. ತಗ್ಗಿನಲ್ಲಿ ಸಿಗ್ನಲ್ ಇಲ್ಲ ಎಂಬ ಮಾತಿಗೆ ಉತ್ತರವೇ ಇರಲಿಲ್ಲ. ಮೇಲ್ಮನವಿ ಹೋಗಿದೆ, ತೀರ್ಮಾನ ಇನ್ನೂ ಬಂದಿಲ್ಲ. ಈ ನಡುವೆ ಅದೇ ಗೇರು ಮರದ ಕೆಳಗೆ ಕುಳಿತುಕೊಳ್ಳುವ ಇತರ ಆರು ಮನೆಯವರೂ ದಿನ, ತಾರೀಕು, ಸಿಗ್ನಲ್ ಇದ್ದ ಹೊತ್ತು, ಬಳಸಿದ ಡಾಟಾ ಇವನ್ನು ನೋಟ್ ಪುಸ್ತಕದಲ್ಲಿ ಬರೆಯುತ್ತಿದ್ದಾರೆ. ಮುಂದೆ ಒಟ್ಟಾಗಿ ದೂರು ಕೊಡುವುದಾದರೆ ಅದಕ್ಕಿಂತ ಒಳ್ಳೆಯ ದಾಖಲೆ ಬೇರೆ ಬೇಡ.

ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಇಂತಹ ಪದವುಗಳನ್ನು ಹತ್ತುವ ಮಕ್ಕಳು ಇರಬಹುದು. ಹೆತ್ತವರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ರೀಚಾರ್ಜಿಗೆ ಮುನ್ನ ಒಂದು ತಿಂಗಳ ಲೆಕ್ಕವನ್ನು ಮಕ್ಕಳಿಂದಲೇ ಬರೆಯಿಸಿರಿ, ಅಂಗಡಿಯವರಲ್ಲಿ ಪಟ್ಟಿಯ ಕೆಳಗಿನ ಸಾಲುಗಳನ್ನೂ ಓದಿಸಿರಿ, ದೂರಿನ ಸಂಖ್ಯೆಯನ್ನು ಕಳೆಯದಿರಿ.

ಗಡಿ ತಕರಾರಿನ ನನ್ನ ವರದಿ ನ್ಯಾಯಾಲಯಕ್ಕೆ ಸಲ್ಲಿಕೆಯಾಯಿತು. ಫೆಬ್ರವರಿಯ ಕೊನೆಯ ಭಾನುವಾರ ಮಧ್ಯಾಹ್ನ ನನ್ನ ಫೋನಿಗೆ ಪದವಿನಿಂದ ಒಂದು ಸಂದೇಶ ಬಂತು: “ಮಾವ, ಭೌತಶಾಸ್ತ್ರ ಪೂರ್ತಿ ಇಳಿಸಿ ಆಯಿತು. ಇನ್ನೂ ಮಿಕ್ಕಿ ಉಂಟು. ನಾಳೆಗೂ ಉಂಟು.” ಸುರಂಗದ ತೊಟ್ಟಿಯ ಬಳಿ ಅಜ್ಜ ಹೇಳಿದ್ದ ಮಾತು ನನಗೆ ಆಗ ನೆನಪಾಯಿತು.