ಹಿಮದಲ್ಲಿ ಕುಳಿತವರು

1950ರ ನವೆಂಬರ್ 25. ಅಮೆರಿಕದ ಕೊಲಂಬಸ್ ನಗರದಲ್ಲಿ ಹಿಮಗಾಳಿ ಭೋರೆಂದು ಬೀಸುತ್ತಿತ್ತು. ಓಹಿಯೋ ಸ್ಟೇಟ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಪಂದ್ಯವನ್ನು ರದ್ದು ಮಾಡುವ ಮಾತೂ ಬಂದಿತ್ತು. ಆದರೂ ಐವತ್ತು ಸಾವಿರಕ್ಕೂ ಹೆಚ್ಚು ಜನ ಬಂದು ಕುಳಿತರು.

ಅಮೆರಿಕದವರ ಫುಟ್‌ಬಾಲ್‌ನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಅಂದು ಎರಡೂ ಕಷ್ಟವಾಗಿತ್ತು. ಮೈದಾನದ ಗೆರೆಗಳೇ ಹಿಮದಡಿ ಹೂತುಹೋಗಿದ್ದವು. ಚೆಂಡು ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಅದನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವುದೇ ಕ್ಷೇಮ! ಎರಡೂ ತಂಡಗಳು ಸೇರಿ 45 ಸಲ ಹಾಗೆ ಒದ್ದವು. ಓಹಿಯೋದ ವಿಕ್ ಜಾನೋವಿಚ್ ಸುರಿಯುವ ಹಿಮದಲ್ಲೇ ಚೆಂಡನ್ನು ಗೋಲುಕಂಬಗಳ ನಡುವೆ ಒದ್ದು 3 ಅಂಕ ತಂದರು. ಮಿಷಿಗನ್‌ನ ಒಂದು ಎಸೆತವೂ ತನ್ನವರ ಕೈ ಸೇರಲಿಲ್ಲ. ಆದರೆ ಎದುರಾಳಿ ಒದ್ದ ಚೆಂಡನ್ನು ಎರಡು ಸಲ ತಡೆದು, ಅದರಿಂದಲೇ 9-3ರಲ್ಲಿ ಗೆದ್ದಿತು.

ಸೋತದ್ದು ಊರಿನ ತಂಡ. ತರಬೇತುದಾರ ವೆಸ್ ಫೆಸ್ಲರ್ ಆ ಋತು ಮುಗಿದ ಮೇಲೆ ಹುದ್ದೆ ಬಿಟ್ಟರು. ಕೊನೆಯವರೆಗೆ ನಡುಗುತ್ತ ಕುಳಿತ ಅಭಿಮಾನಿಗಳು ಮಾತ್ರ ದಶಕಗಳ ನಂತರವೂ ಹೆಮ್ಮೆಯಿಂದಲೇ ಹೇಳಿದರು: ‘ನಾನೂ ಅಲ್ಲಿದ್ದೆ.’

ಮಕ್ಕಳು ಕಡಿಮೆ ಅಂಕ ತಂದ ದಿನ ಮನೆಯಲ್ಲಿ ಪಕ್ಕಕ್ಕೆ ಬಂದು ಕುಳಿತವರ ನೆನಪೂ ಹೀಗೆಯೇ ಉಳಿಯುತ್ತದೆ.