ಕುಂಟಿದ ದಿನವೇ

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ ಎಂದರೆ ಊರಿನವರು ಷೇರು ವ್ಯವಹಾರದ ಜಾಗ ಎಂದುಕೊಳ್ಳುತ್ತಾರೆ. ನಿಜದಲ್ಲಿ ಅದು ಗೋದಾಮು, ಕಾರ್ಖಾನೆ, ಕಾರ್ಮಿಕರ ವಸತಿ, ನಡುವೆ ಒಂದಿಷ್ಟು ಮರಗಿಡಗಳ ಬಡಾವಣೆ ಇರುವ ದೊಡ್ಡ ಪ್ರದೇಶ. ಅಲ್ಲಿನ ಒಂದು ಕಂಪನಿಯ ಲೆಕ್ಕಪತ್ರ ನೋಡುವುದು ನನ್ನ ಹೊಟ್ಟೆಪಾಡು. ಮನೆಯೂ ಅಲ್ಲೇ. ನಮ್ಮ ಶೇರು ನಾವು ಕೊಂಡ ನಾಯಿಯಲ್ಲ. ಕೆಲಸ ಬಿಟ್ಟು ಊರಿಗೆ ಮರಳಿದ ಪಂಜಾಬಿ ನೆರೆಯವರು ನಮ್ಮ ಕೈಗೆ ಒಪ್ಪಿಸಿ ಹೋದ ರಾಟ್‌ವೀಲರ್.

2021ರ ನವೆಂಬರ್‌ನಲ್ಲಿ ಒಂದು ಬೆಳಿಗ್ಗೆ ಅದು ಮುಂಗಾಲು ಎತ್ತಿಕೊಂಡು ನಡೆಯಿತು. ಅಂದೇ ಸಂಜೆ ಪಶುವೈದ್ಯರಲ್ಲಿಗೆ ಒಯ್ದೆ. ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಮೇಲಿನ ಮೂಳೆ ಗೆದ್ದಲು ಹಿಡಿದ ಮರದಂತೆ ಕಂಡಿತು. ವೈದ್ಯೆ ಹೇಳಿದ ಪದ ನನಗೆ ಹೊಸದಲ್ಲ: ಆಸ್ಟಿಯೋಸಾರ್ಕೋಮಾ.

ಆ ಪದವನ್ನು ಮೊದಲು ಕೇಳಿದ್ದು 2006ರಲ್ಲಿ, ದಾವಣಗೆರೆಯಿಂದ ಬಂದ ಫೋನಿನಲ್ಲಿ. ಅಕ್ಕನ ಮಗನಿಗೆ ಆಗ ಹದಿನೈದು. ಕಬಡ್ಡಿ ಆಡುತ್ತಿದ್ದವನಿಗೆ ಮಂಡಿ ನೋವು. ಮೂರು ತಿಂಗಳು ಎಣ್ಣೆ ತಿಕ್ಕಿದರು, ಬಿಸಿನೀರಿನ ಶಾಖ ಕೊಟ್ಟರು. ರಾತ್ರಿ ನಿದ್ದೆ ಮಾಡುವುದಿಲ್ಲ ಎಂದು ಅಕ್ಕ ಹೇಳಿದಾಗ ನಾನು ಇಲ್ಲಿಂದಲೇ, "ಬೆಳೆಯೋ ವಯಸ್ಸಲ್ವಾ ಅಕ್ಕ, ಎಲ್ಲರಿಗೂ ಇರುತ್ತೆ" ಅಂದಿದ್ದೆ. ಮನೆಯಲ್ಲಿ ಹೆಚ್ಚು ಓದಿದವನು ನಾನು. ನನ್ನ ಮಾತಿಗೆ ಬೆಲೆ ಇತ್ತು. ಬೆಂಗಳೂರಿಗೆ ಕರೆದೊಯ್ಯುವಷ್ಟರಲ್ಲಿ ರೋಗ ಶ್ವಾಸಕೋಶ ತಲುಪಿತ್ತು. ಕಾಲು ತೆಗೆದರು, ಕಿಮೊ ಕೊಟ್ಟರು. ಹದಿನೇಳು ತುಂಬುವ ಮೊದಲೇ ಹುಡುಗ ಹೋದ.

ಶೇರುವಿನ ಬಯಾಪ್ಸಿ ವರದಿ ಬರುವವರೆಗೆ ರಾತ್ರಿ ಕೂತು ಓದಿದೆ. ಮಕ್ಕಳಲ್ಲಿ ಈ ರೋಗ ಹೆಚ್ಚಾಗಿ ಮಂಡಿಯ ಸುತ್ತ, ಮೂಳೆ ವೇಗವಾಗಿ ಬೆಳೆಯುವ ವಯಸ್ಸಿನಲ್ಲಿ ಬರುತ್ತದೆ. ನಾಯಿಗಳಲ್ಲಿ ದೊಡ್ಡ ಮೈಕಟ್ಟಿನ ತಳಿಗಳಿಗೆ ಹೆಚ್ಚು. ಮನುಷ್ಯರಲ್ಲಿ ಅಪರೂಪ, ನಾಯಿಗಳಲ್ಲಿ ಎಷ್ಟೋ ಪಟ್ಟು ಸಾಮಾನ್ಯ. ಇಬ್ಬರಲ್ಲೂ ಟಿಪಿ53 ಎಂಬ ವಂಶವಾಹಿ ಕೆಡುವುದುಂಟು, ಇಬ್ಬರಲ್ಲೂ ರೋಗ ಹರಡುವ ದಾರಿ ಶ್ವಾಸಕೋಶದ ಕಡೆಗೇ. ಪ್ರಯೋಗಾಲಯದ ಇಲಿಗೆ ಗೆಡ್ಡೆಯನ್ನು ನಾವೇ ಬೆಳೆಸಬೇಕು. ಸಾಕುನಾಯಿಗೆ ಅದು ತಾನಾಗಿ ಬರುತ್ತದೆ. ನಾಯಿಯ ಆಯುಷ್ಯ ಚಿಕ್ಕದಾದ್ದರಿಂದ ಔಷಧ ಹಿಡಿಯಿತೋ ಇಲ್ಲವೋ ಎಂಬುದು ಒಂದೆರಡು ವರ್ಷದಲ್ಲೇ ತಿಳಿಯುತ್ತದೆ. ಕಾಲು ಕತ್ತರಿಸದೆ ಗೆಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆಯನ್ನು 1980ರ ದಶಕದಲ್ಲಿ ಕೊಲೊರಾಡೊದ ಪಶುವೈದ್ಯರು ನಾಯಿಗಳಲ್ಲಿ ತಿದ್ದಿ ತೀಡಿದ್ದು ಮಕ್ಕಳ ವೈದ್ಯರಿಗೂ ನೆರವಾಯಿತು. 2009ರಲ್ಲಿ ಯುರೋಪು ಒಪ್ಪಿದ ಮಿಫಾಮುರ್ಟೈಡ್ ಕೂಡ ಮೊದಲು ನಾಯಿಗಳಲ್ಲಿ ಫಲ ತೋರಿಸಿದ ಔಷಧ.

ಆದರೂ ಮಕ್ಕಳ ಲೆಕ್ಕ 1980ರ ದಶಕದಿಂದ ಹೆಚ್ಚು ಕದಲಿಲ್ಲ. ಹರಡುವ ಮೊದಲೇ ಸಿಕ್ಕರೆ ಹತ್ತರಲ್ಲಿ ಆರೇಳು ಮಂದಿ ಐದು ವರ್ಷ ದಾಟುತ್ತಾರೆ. ಹರಡಿದ ಮೇಲೆ ಸಿಕ್ಕರೆ ಎರಡು ಮೂರು. ಕಾರಣವೂ ಉಂಟು. ಈ ಗೆಡ್ಡೆಯಲ್ಲಿ ವರ್ಣತಂತುಗಳು ಮುರಿದು, ಅಡ್ಡಾದಿಡ್ಡಿ ಸೇರಿಕೊಂಡಿರುತ್ತವೆ, ಒಬ್ಬರಲ್ಲಿ ಇದ್ದಂತೆ ಇನ್ನೊಬ್ಬರಲ್ಲಿ ಇಲ್ಲ. ಒಂದೇ ಬೀಗದಕೈ ಎಲ್ಲ ಬಾಗಿಲಿಗೆ ಹೊಂದುವುದಿಲ್ಲ. ಅದಕ್ಕೇ ಆಯಾ ರೋಗಿಗೆಂದೇ ಮಾಡುವ ಚಿಕಿತ್ಸೆಯ ಹುಡುಕಾಟ. ಅಮೆರಿಕದ ಮಿಸ್ಸೌರಿ ವಿಶ್ವವಿದ್ಯಾಲಯದಲ್ಲಿ ಕಾಲು ತೆಗೆದ ಮೇಲೆ ಆ ನಾಯಿಯ ಗೆಡ್ಡೆಯಿಂದಲೇ ಲಸಿಕೆ ಮಾಡಿದರು. ಲಸಿಕೆಯಿಂದ ಎಚ್ಚೆತ್ತ ಬಿಳಿ ರಕ್ತಕಣಗಳನ್ನು ತೆಗೆದು, ಹೊರಗೆ ಬೆಳೆಸಿ, ಅದೇ ನಾಯಿಯ ಮೈಗೆ ಮರಳಿ ಕೊಟ್ಟರು. ಕಿಮೊ ಇಲ್ಲದೆಯೇ ಅರ್ಧಕ್ಕರ್ಧ ನಾಯಿಗಳು 400 ದಿನ ದಾಟಿದವು. ಕೆಲವು ಎರಡು ವರ್ಷವನ್ನೂ ದಾಟಿದವು. ಪ್ರಯೋಗ ಚಿಕ್ಕದು. ಇಷ್ಟು ಕಡಿಮೆ ವೋಚರ್ ನೋಡಿ ನಾನು ಯಾವ ಆಡಿಟ್‌ಗೂ ಸಹಿ ಹಾಕಲಾರೆ. ಆದರೂ ಆ ರಾತ್ರಿ ಅದನ್ನು ಎರಡು ಸಲ ಓದಿದೆ.

ಆ ಚಿಕಿತ್ಸೆ ನಮಗೆ ಎಟುಕುವಂತಿರಲಿಲ್ಲ. ಶೇರುವಿನ ಕಾಲು ತೆಗೆಸಿ, ಕಾರ್ಬೊಪ್ಲಾಟಿನ್ ಕೊಡಿಸಿದೆವು. ಎರಡೇ ವಾರದಲ್ಲಿ ಅದು ಮೂರು ಕಾಲಲ್ಲಿ ಬೆಕ್ಕು ಅಟ್ಟಿಸಿಕೊಂಡು ಹೋಯಿತು. ಹನ್ನೊಂದು ತಿಂಗಳು ಬದುಕಿತು.

ಖರ್ಚಾದ ಹದಿನೆಂಟು ಸಾವಿರ ದಿರ್ಹಮನ್ನು ಅಕ್ಕನಿಂದ ಮುಚ್ಚಿಟ್ಟಿದ್ದೆ. ಮಗನ ಚಿಕಿತ್ಸೆಗೆ ಬಳೆ ಅಡವಿಟ್ಟವಳಿಗೆ ನಾಯಿಯ ಬಿಲ್ಲು ಹೇಳುವುದು ಹೇಗೆ? ಆದರೆ ನನ್ನ ಮಗಳು ಫೋನಿನಲ್ಲಿ ಎಲ್ಲ ಹೇಳಿಬಿಟ್ಟಳು. ಅಕ್ಕ ದುಡ್ಡಿನ ಮಾತೇ ಎತ್ತಲಿಲ್ಲ.

"ತುಂಬ ನೋವಿತ್ತೇನೋ ಅದಕ್ಕೆ?" ಎಂದಳು.

"ಇತ್ತು ಅಕ್ಕ. ಕಾಲು ತೆಗೆದ ಮೇಲೆ ಕಡಿಮೆ ಆಯ್ತು."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಕುಂಟಿದ ದಿನವೇ ಹೋದೆಯಂತೆ. ಒಳ್ಳೇದು ಮಾಡ್ದೆ" ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ರೋಗಿಯ ಜೀವಕಣದಿಂದಲೇ ಔಷಧ ಮಾಡುವ ಕಾಲ ಬಂದಿದೆ. ನಾನೋ, ನೋವು ಎಂದ ಹುಡುಗನಿಗೆ ಎಲ್ಲರ ಉತ್ತರವನ್ನೇ ಕೊಟ್ಟಿದ್ದೆ. ಅವನೊಬ್ಬನ ಮಂಡಿ, ಅವನೊಬ್ಬನ ರಾತ್ರಿ ಎಂದು ಯೋಚಿಸಲೇ ಇಲ್ಲ. ಬೇಗ ನೋಡಿದ್ದರೆ ಉಳಿಯುತ್ತಿದ್ದನೇ? ಖಚಿತವಾಗಿ ಯಾರೂ ಹೇಳಲಾರರು. ಆ ಬಾಕಿ ನನ್ನ ಪುಸ್ತಕದಲ್ಲಿ ಹಾಗೇ ಇದೆ.

ಕಳೆದ ವರ್ಷ ನಮ್ಮ ಕಂಪನಿಯ ಕುಂದಾಪುರದ ಡ್ರೈವರ್ ಚಹಾ ಕುಡಿಯುತ್ತಾ, ಊರಿನಲ್ಲಿ ಮಗನಿಗೆ ತಿಂಗಳಿಂದ ಒಂದೇ ಮಂಡಿ ನೋವು, ರಾತ್ರಿ ಏಳುತ್ತಾನೆ ಎಂದರು. ನಾಳೆಯೇ ಎಕ್ಸ್‌ರೇ ತೆಗೆಸಿ ಎಂದೆ. ಸಂಜೆ ಇನ್ನೊಮ್ಮೆ ನೆನಪಿಸಿದೆ. ತೆಗೆಸಿದರು. ಏನೂ ಇರಲಿಲ್ಲ.

"ಸುಮ್ಮನೆ ದುಡ್ಡು ದಂಡ ಆಯ್ತು ಸರ್" ಎಂದು ನಕ್ಕರು.

"ಆಗಲಿ ಬಿಡಿ" ಎಂದೆ.