ರೊಟ್ಟಿ ಹಬ್ಬದ ಹಾದಿಯಲ್ಲಿ ನಾಲ್ಕು ಊರು

ನಾಗರ ಪಂಚಮಿಗೆ ಮೂರು ದಿನ ಮುಂಚೆ ನಾವು ದಂಪತಿಗಳು ಜಮಖಂಡಿಯ ಬಸ್ ನಿಲ್ದಾಣದಲ್ಲಿ ಇಳಿದೆವು. ಬಾಗಲಕೋಟೆ ಜಿಲ್ಲೆಯ ಈ ಭಾಗದಲ್ಲಿ ನಮಗೆ ಬಂಧುಬಳಗವಿದೆ. ಶ್ರಾವಣದಲ್ಲಿ ಒಮ್ಮೆ ಬಂದು ಎಲ್ಲರನ್ನೂ ಕಂಡು ಹೋಗಬೇಕೆಂಬ ಆಸೆ ಬಹುದಿನಗಳಿಂದ ಇತ್ತು. ಉತ್ತರ ಕರ್ನಾಟಕದ ಮನೆಗಳಲ್ಲಿ ಪಂಚಮಿಯೆಂದರೆ ಉಂಡಿಗಳ ಹಬ್ಬ, ಜೋಕಾಲಿಯ ಹಬ್ಬ, ತವರಿಗೆ ಬಂದ ಹೆಣ್ಣುಮಕ್ಕಳ ಹಬ್ಬ. ಅದನ್ನು ಕಣ್ಣಾರೆ ಕಾಣಲು ಹೊರಟ ನಮಗೆ ಹಾದಿಯಲ್ಲಿ ಒಂದು ಪ್ರಶ್ನೆಯೂ ಎದುರಾಯಿತು.

ಜಮಖಂಡಿಯ ಪೇಟೆ

ಜಮಖಂಡಿ 1948ರವರೆಗೆ ಪಟವರ್ಧನ ಮನೆತನದ ಸಂಸ್ಥಾನದ ರಾಜಧಾನಿಯಾಗಿತ್ತು. ಹಳೆಯ ಊರಿನ ಗಾಂಭೀರ್ಯ ಪೇಟೆಯಲ್ಲಿ ಇಂದಿಗೂ ಕಾಣುತ್ತದೆ. ಹಬ್ಬದ ಸಂತೆಯಲ್ಲಿ ಜೋಕಾಲಿಯ ಹಗ್ಗಗಳ ಪಕ್ಕದಲ್ಲಿಯೇ ಪುಟಾಣಿ, ಶೇಂಗಾ, ಎಳ್ಳು, ಬೆಲ್ಲದ ಪೆಂಟೆಗಳು. ಅವುಗಳ ನಡುವೆ ಮಲ್ಲಿಗೆಯ ರಾಶಿಯಂತೆ ಬೆಳ್ಳಗೆ ಅರಳಿದ ಜೋಳದ ಅಳ್ಳು.

ವಿಜ್ಞಾನದ ಪಾಠ ಹೇಳಿ ನಿವೃತ್ತನಾದವನಿಗೆ ಅಳ್ಳಿನ ರಾಶಿಯೂ ಒಂದು ಪ್ರಯೋಗಶಾಲೆಯೇ. ಜೋಳದ ಕಾಳಿನೊಳಗೆ ಸ್ವಲ್ಪ ನೀರಿನ ಅಂಶ ಇದ್ದೇ ಇರುತ್ತದೆ. ಅಳ್ಳು ಹುರಿಯುವ ತಾಯಂದಿರು ಕಾಳಿಗೆ ಮೊದಲು ತುಸು ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಬಳಿಕ ಕಾದ ಹಂಚಿಗೆ ಹಾಕುತ್ತಾರೆ. ಒಳಗಿನ ನೀರು ಉಗಿಯಾಗುತ್ತದೆ. ಗಟ್ಟಿಯಾದ ಸಿಪ್ಪೆ ಅದನ್ನು ಹೊರಗೆ ಬಿಡುವುದಿಲ್ಲ. ಒತ್ತಡ ಮಿತಿಮೀರಿದಾಗ ಸಿಪ್ಪೆ ಸಿಡಿದು, ಒಳಗಿನ ಪಿಷ್ಟ ಬೆಂದು ಉಬ್ಬಿ ಹೊರಬರುತ್ತದೆ. ಹೀಗೆ ಒಂದು ಹನಿ ಎಣ್ಣೆಯಿಲ್ಲದೆ ಕಾಳು ತಿನಿಸಾಗುತ್ತದೆ. ಅಳ್ಳನ್ನು ಬೀಸಿದರೆ ಅಳ್ಳಿಟ್ಟು. ಅದರ ಪಿಷ್ಟ ಆಗಲೇ ಬೆಂದಿರುವುದರಿಂದ ಮತ್ತೆ ಒಲೆಗೆ ಇಡಬೇಕಾಗಿಲ್ಲ. ಹಲ್ಲಿಲ್ಲದ ಅಜ್ಜನಿಗೂ ಹಲ್ಲು ಮೂಡುವ ಕೂಸಿಗೂ ಅದನ್ನು ಹಾಲಿನಲ್ಲಿ ಕಲಸಿ ಕೊಡಬಹುದು. ನೀರಿನ ಅಂಶ ಕಡಿಮೆಯಾದ್ದರಿಂದ ಬೂಸ್ಟು ಹಿಡಿಯದೆ ಹಲವು ದಿನ ಉಳಿಯುತ್ತದೆ.

ಅಂದು ಸಂಜೆ ಕೃಷ್ಣೆಯ ದಡಕ್ಕೆ ಹೋಗಿ ಚಿಕ್ಕಪಡಸಲಗಿಯ ಬ್ಯಾರೇಜನ್ನು ನೋಡಿದೆವು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಬೆವರು ಸುರಿಸಿ 1989ರಲ್ಲಿ ಕಟ್ಟಿ ಮುಗಿಸಿದ ಬ್ಯಾರೇಜು ಅದು. ಕಾಯಕವೆಂಬ ಮಾತಿಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಬೇಸಿಗೆಯಲ್ಲಿ ಬತ್ತುತ್ತಿದ್ದ ನದಿಯಲ್ಲಿ ನೀರು ನಿಂತಿತು, ಒಣ ಬೇಸಾಯದ ಹೊಲಗಳಿಗೆ ನೀರಾವರಿ ಬಂತು, ಕಬ್ಬು ಬೆಳೆಯಿತು, ಮನೆಗಳು ಚೇತರಿಸಿಕೊಂಡವು. ಆದರೆ ಆ ಕಬ್ಬು ನಮ್ಮ ತಾಟಿನಲ್ಲಿಯೂ ಏನನ್ನೋ ಬದಲಿಸಿತೆಂಬುದು ಮುಂದಿನ ಊರುಗಳಲ್ಲಿ ತಿಳಿಯಿತು.

ಬನಹಟ್ಟಿಯ ರೊಟ್ಟಿ ಹಬ್ಬ

ಮರುದಿನ ರೊಟ್ಟಿ ಹಬ್ಬ. ಹಿಂದೆ ಜಮಖಂಡಿ ತಾಲ್ಲೂಕಿಗೆ ಸೇರಿದ್ದ ರಬಕವಿ-ಬನಹಟ್ಟಿ ಈಗ ತಾನೇ ಒಂದು ತಾಲ್ಲೂಕು. ಎರಡು ಊರುಗಳು ಬೆಳೆದು ಒಂದಾದ ಈ ನೇಕಾರರ ನಾಡಿನಲ್ಲಿ ಬೀದಿಗೆ ಕಾಲಿಟ್ಟರೆ ಮೊದಲು ಕೇಳುವುದು ಮಗ್ಗದ ಸದ್ದು. ಜೇಡರ ದಾಸಿಮಯ್ಯನವರ ಕಾಯಕವನ್ನು ಇಲ್ಲಿ ಮನೆಮನೆಯೂ ನಡೆಸಿಕೊಂಡು ಬಂದಿದೆ.

ಬಂಧುಗಳ ಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ಮತ್ತು ಜೋಳದ ಕಟಕ ರೊಟ್ಟಿ, ಮೊಳಕೆ ಬಂದ ಮಡಕಿ ಕಾಳಿನ ಪಲ್ಯ, ಬದನೆಯ ಎಣ್ಣಿಗಾಯಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಮೊಸರು ಎಲ್ಲವೂ ಸಿದ್ಧವಾಗಿದ್ದವು. ಇವನ್ನು ತಾಟಿನಲ್ಲಿ ಜೋಡಿಸಿ, ಮೇಲೆ ಬಟ್ಟೆ ಮುಚ್ಚಿ, ಓಣಿಯ ಹೆಣ್ಣುಮಕ್ಕಳು ಮನೆಯಿಂದ ಮನೆಗೆ ಹಂಚುತ್ತಿದ್ದರು. ಒಂದು ಮನೆಯಿಂದ ಹೋದ ತಾಟು ಬರಿದಾಗಿ ಮರಳುವುದಿಲ್ಲ. ದಾಸೋಹದ ಪಾಠವನ್ನು ಮಕ್ಕಳು ಗ್ರಂಥ ಓದದೆಯೇ ಕಲಿಯುವ ದಿನವದು.

ಆ ತಾಟಿನ ಗುಣವನ್ನು ಸ್ವಲ್ಪ ವಿಚಾರಿಸೋಣ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಅಷ್ಟೇ ನಾರು ಇದೆ. ಆದರೆ ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಕಾಳುಗಳಲ್ಲಿ ಅದು ಧಾರಾಳ. ಆದ್ದರಿಂದ ರೊಟ್ಟಿಯ ಜೊತೆಗೆ ಕಾಳುಪಲ್ಯವಿದ್ದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕಾಳನ್ನು ನೆನೆಯಿಟ್ಟು ಮೊಳಕೆ ಬರಿಸಿದರೆ, ಕಬ್ಬಿಣದ ಅಂಶವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗುತ್ತದೆ. ಮೇಲೆ ನಿಂಬೆಯ ರಸ ಹಿಂಡಿದರೆ ಅದರ ಸಿ ಜೀವಸತ್ವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಸಹಾಯ ಮಾಡುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಆ ಲಾಭ ಬಹುಮಟ್ಟಿಗೆ ಹೋಗುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಇಷ್ಟು ಹೆಚ್ಚಿರುವಾಗ ಚಹಾವನ್ನು ಒಂದು ತಾಸು ಮುಂದೂಡುವುದು ಕಷ್ಟವೇನಲ್ಲ.

ಎಳ್ಳು ಗಾತ್ರದಲ್ಲಿ ಚಿಕ್ಕದು, ಸತ್ವದಲ್ಲಿ ದೊಡ್ಡದು. ಸಿಪ್ಪೆ ತೆಗೆಯದ 100 ಗ್ರಾಂ ಎಳ್ಳಿನಲ್ಲಿ 1000 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶವಿದೆ. ಅಷ್ಟೇ ತೂಕದ ಹಾಲಿನಲ್ಲಿ ಸುಮಾರು 120. ಎಳ್ಳಿನ ಸಿಪ್ಪೆಯಲ್ಲಿರುವ ಆಕ್ಸಲೇಟ್ ಅದರಲ್ಲಿ ಒಂದು ಪಾಲನ್ನು ದೇಹಕ್ಕೆ ದಕ್ಕದಂತೆ ಮಾಡುತ್ತದೆಂಬುದೂ ನಿಜ. ಆದಕಾರಣ ಎಳ್ಳಿದ್ದರೆ ಹಾಲು ಬೇಡವೆನ್ನಲಾಗದು, ಎರಡೂ ಬೇಕು. ಅಗಸಿಯ ಎಣ್ಣೆಯಲ್ಲಿ ಅರ್ಧದಷ್ಟು ಒಮೆಗಾ-3 ಗುಂಪಿನ ಕೊಬ್ಬಿನಾಮ್ಲವೇ. ಆದರೆ ಇಡೀ ಕಾಳನ್ನು ನುಂಗಿದರೆ ಅದು ಹಾಗೆಯೇ ಹೊರಗೆ ಹೋಗುತ್ತದೆ. ಹುರಿದು ಕುಟ್ಟಿ ಚಟ್ನಿ ಮಾಡಿದ ನಮ್ಮ ಹಿರಿಯರು ಅದರ ಬೀಗವನ್ನೇ ತೆರೆದಿದ್ದಾರೆ. ಕುಟ್ಟಿದ ಪುಡಿಗೆ ಗಾಳಿ ತಗುಲಿ ಬೇಗ ಕಮಟು ಹಿಡಿಯುತ್ತದಾದ್ದರಿಂದ ಹದಿನೈದು ದಿನಕ್ಕೆ ಸಾಲುವಷ್ಟನ್ನೇ ಮಾಡಿಟ್ಟುಕೊಳ್ಳುವುದು ಜಾಣತನ.

ಊಟ ಮುಗಿಯುತ್ತಲೇ ಮನೆಯ ಆಯಿ ಉಂಡಿಯ ಡಬ್ಬಿ ತಂದಿಟ್ಟರು. ಎಂಟು ವರ್ಷದ ಮೊಮ್ಮಗ ಅತ್ತ ನೋಡದೆ, ಅಂಗಡಿಯ ಬಣ್ಣದ ಚೀಟಿನಲ್ಲಿದ್ದ ಕುರುಕಲನ್ನು ಬಿಚ್ಚಿ ಕುಳಿತಿದ್ದ. ನಾಲ್ವತ್ತು ದಾಟಿದ ಮಗ ಮಾತ್ರ ಡಬ್ಬಿಯನ್ನೇ ನೋಡುತ್ತಿದ್ದ. ಹೋದ ವರ್ಷ ಅವನಿಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದಿತ್ತು. ಆಯಿ ನನ್ನತ್ತ ತಿರುಗಿ, “ನೀವರೆ ಹೇಳ್ರೀ ಸರ. ನಮ್ಮ ಮಾವನವ್ರು ಎಂಬತ್ತರ ತನಕಾ ಉಂಡಿ ತಿಂದ್ರು, ಏನೂ ಆಗ್ಲಿಲ್ಲ. ಇವಗ ಯಾಕ ಬ್ಯಾಡ?” ಎಂದರು. ನಾನು ಆ ಕ್ಷಣಕ್ಕೆ ಉತ್ತರ ಕೊಡಲಾರದೆ ಹೋದೆ.

ಮುಧೋಳದ ಬೆಲ್ಲ

ಚೌತಿಯ ದಿನ ಮಹಾಲಿಂಗಪುರದ ಮೇಲೆ ಮುಧೋಳಕ್ಕೆ ಹೊರಟೆವು. ದಾರಿಯ ಎರಡೂ ಬದಿಗೆ ಕಣ್ಣು ಹಾಯುವವರೆಗೆ ಕಬ್ಬು. ಮಹಾಲಿಂಗಪುರದ ಬೆಲ್ಲದ ಪೇಟೆ ಹೆಸರಾದದ್ದು. ಮುಧೋಳವೋ ಕವಿಚಕ್ರವರ್ತಿ ರನ್ನನ ಸೀಮೆ, ಘಟಪ್ರಭೆಯ ನೀರುಂಡ ಊರು. ಇಲ್ಲಿ ಚೌತಿಯ ಹಾಲನ್ನು ಹುತ್ತಕ್ಕೆ ಎರೆಯದೆ ಮಕ್ಕಳಿಗೆ ಕುಡಿಸಿದ ಒಂದು ಮನೆಯಲ್ಲಿ ನಾವು ತಂಗಿದೆವು. ಬಸವಾನುಯಾಯಿಗಳಾದ ಅನೇಕರು ಈಗ ಈ ಕ್ರಮವನ್ನು ಪಾಲಿಸುತ್ತಿರುವುದು ಸಂತೋಷದ ಸಂಗತಿ.

ಆ ಮನೆಯ ಹಿರಿಯರು ಬೆಲ್ಲದ ಗಾಣ ನಡೆಸಿದವರು. ಕುದಿಯುವ ಕಬ್ಬಿನ ಹಾಲಿಗೆ ಬೆಂಡೆಯ ಗಿಡದ ಲೋಳೆ ಹಾಕಿ ಕೊಳೆಯನ್ನು ಮೇಲಕ್ಕೆ ತಂದು ತೆಗೆಯುತ್ತಿದ್ದ ಬಗೆಯನ್ನು ವಿವರಿಸಿದರು. ಹಳದಿಯಾಗಿ ಹೊಳೆಯುವ ಬೆಲ್ಲಕ್ಕೆ ಪೇಟೆಯಲ್ಲಿ ಬೆಲೆ ಹೆಚ್ಚೆಂದು ರಾಸಾಯನಿಕದಿಂದ ಬಣ್ಣ ತಿಳಿಗೊಳಿಸುವುದುಂಟು. ಕಂದು ಬಣ್ಣದ ಬೆಲ್ಲವನ್ನು ಕೇಳಿ ಕೊಳ್ಳಿರಿ ಎಂದರು.

ಬೆಲ್ಲದಲ್ಲಿ ತುಸು ಕಬ್ಬಿಣ, ತುಸು ಖನಿಜಗಳಿವೆ. ಆದರೆ ಅದರ ಬಹುಪಾಲು ಸಕ್ಕರೆಯೇ. ಬೆಲ್ಲವೆಂದ ಮಾತ್ರಕ್ಕೆ ಸಕ್ಕರೆ ಕಾಯಿಲೆಯವರು ನಿಶ್ಚಿಂತೆಯಿಂದ ತಿನ್ನಬಹುದೆಂಬುದು ತಪ್ಪು ತಿಳಿವಳಿಕೆ. ದಿನದ ಆಹಾರದ ಶಕ್ತಿಯಲ್ಲಿ ಸಕ್ಕರೆ-ಬೆಲ್ಲಗಳಂತಹ ಸಿಹಿಯ ಪಾಲು ನೂರಕ್ಕೆ 10ನ್ನು ಮೀರಬಾರದು, 5ಕ್ಕಿಂತ ಕಡಿಮೆಯಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2000 ಕ್ಯಾಲೊರಿ ಉಣ್ಣುವವನಿಗೆ ಅದು 50 ಗ್ರಾಂ. 30 ಗ್ರಾಂ ತೂಕದ ಉಂಡಿಯಲ್ಲಿ ಮೂರರಲ್ಲೊಂದು ಪಾಲು ಬೆಲ್ಲವಿದ್ದರೆ ನಾಲ್ಕು ಉಂಡಿಗೆ 40 ಗ್ರಾಂ ಆಯಿತು. ಮೇಲೆ ನಾಲ್ಕು ಕಪ್ಪು ಸಿಹಿ ಚಹಾ ಸೇರಿದರೆ ಲೆಕ್ಕ ತುಂಬಿತು, ಆರೋಗ್ಯವಂತನಿಗೂ ಸಹ.

ಬೀಳಗಿಯ ಅಕ್ಕಡಿ

ಪಂಚಮಿಯ ದಿನ ಬೀಳಗಿಗೆ ಬಂದೆವು. ಆಲಮಟ್ಟಿಯ ಹಿನ್ನೀರಿನಿಂದ ಈ ತಾಲ್ಲೂಕಿನ ಅನೇಕ ಹಳ್ಳಿಗಳು ಮುಳುಗಿ, ಜನ ಮನೆಮಠ ಬಿಟ್ಟು ಹೊಸ ಊರುಗಳಿಗೆ ಬಂದು ನೆಲೆಸಿದ್ದಾರೆ. ಅಂತಹ ಒಂದು ಪುನರ್ವಸತಿ ಗ್ರಾಮದಲ್ಲಿ ವೃದ್ಧ ರೈತರೊಬ್ಬರು ನಮಗೆ ಒಳಗಿನ ಗಡಿಗೆಗಳನ್ನು ತೋರಿಸಿದರು. ಒಂದರಲ್ಲಿ ಅಗಸಿ, ಒಂದರಲ್ಲಿ ಗುರೆಳ್ಳು, ಒಂದರಲ್ಲಿ ಕುಸುಬಿ. ಎಲ್ಲವೂ ಬೀಜಕ್ಕೆ ಇಟ್ಟವು.

“ಹಿಂಗಾರಿ ಜೋಳದಾಗ ಅಗಸಿ ಅಕ್ಕಡಿ ಹಾಕ್ತಿದ್ವಿ. ದನ ಬರಬಾರದಂತ ಸುತ್ತಲ ಮುಳ್ಳಿನ ಕುಸುಬಿ. ಈಗ ಕಬ್ಬಿನಾಗ ಅಕ್ಕಡಿ ಎಲ್ಲಿ ಹಾಕೂದ್ರಿ?” ಎಂದರು ಆ ಹಿರಿಯರು.

ಬನಹಟ್ಟಿಯ ಆಯಿಯ ಪ್ರಶ್ನೆಗೆ ಉತ್ತರ ಆ ಗಡಿಗೆಗಳ ಮುಂದೆ ಹೊಳೆಯಿತು. ಹಿಂದೆ ಜೋಳದ ಹೊಲವೊಂದರಿಂದಲೇ ರೊಟ್ಟಿ, ಕಾಳು, ಚಟ್ನಿ, ಎಣ್ಣೆ ಎಲ್ಲವೂ ಮನೆಗೆ ಬರುತ್ತಿದ್ದವು. ಬೆಲ್ಲ ಮಾತ್ರ ಕೊಂಡು ತರುವ ವಸ್ತು, ಹಬ್ಬಕ್ಕೆ ಮೀಸಲು. ಈಗ ಕಬ್ಬಿನ ಸೀಮೆಯಲ್ಲಿ ಸಿಹಿ ಮನೆಬಾಗಿಲಿಗೇ ಬಂದಿದೆ, ಅಗಸಿ-ಗುರೆಳ್ಳುಗಳೇ ಕೊಂಡು ತರುವ ವಸ್ತುಗಳಾಗಿವೆ. ಆಯಿಯ ಮಾವನವರು ಕೈಮಗ್ಗದಲ್ಲಿ ದಿನವಿಡೀ ಕೈಕಾಲು ಆಡಿಸಿ ದುಡಿದವರು, ಉಂಡಿ ತಿಂದದ್ದು ವರ್ಷಕ್ಕೆ ಕೆಲವೇ ದಿನ. ಮಗನ ಮಗ್ಗ ವಿದ್ಯುತ್ತಿನಿಂದ ನಡೆಯುತ್ತದೆ. ಅವನ ಮುಂದೆ ಸಿಹಿ ದಿನವೂ ಇರುತ್ತದೆ. ಉಂಡಿ ಅದೇ ಉಂಡಿ. ಅದನ್ನು ಅರಗಿಸುತ್ತಿದ್ದ ದುಡಿಮೆಯೂ ಅದಕ್ಕಿದ್ದ ಮಿತಿಯೂ ಬದಲಾಗಿವೆ.

ಊರಿಗೆ ಮರಳಿದ ಮೇಲೆ ಆಯಿಗೆ ಒಂದು ಪತ್ರ ಬರೆದೆ. “ಮಗನಿಗೆ ರೊಟ್ಟಿ, ಮೊಳಕೆ ಕಾಳು, ಚಟ್ನಿ, ಮೊಸರು ಒಳ್ಳೆಯದು. ರೊಟ್ಟಿಯೂ ಪಿಷ್ಟವೇ ಆದ್ದರಿಂದ ಎಣಿಕೆಯಿರಲಿ, ಚಟ್ನಿಯಲ್ಲಿ ಉಪ್ಪು ಹಿತವಾಗಿರಲಿ. ವೈದ್ಯರನ್ನು ಕೇಳಿ, ಅವರು ಒಪ್ಪಿದರೆ ಹಬ್ಬದ ದಿನ ನಿಂಬೆಕಾಯಿಯಷ್ಟು ಒಂದು ಉಂಡಿ ಮುರಿದು ಅರ್ಧ ಅವನಿಗೆ, ಅರ್ಧ ಮೊಮ್ಮಗನಿಗೆ ಕೊಡಿರಿ. ಮೊಮ್ಮಗನ ಕೈಗೆ ಬಣ್ಣದ ಚೀಟಿನ ಬದಲು ಅಳ್ಳು, ಪುಟಾಣಿ, ಹುರಿದ ಶೇಂಗಾ ಬರಲಿ. ಭಜಿ ಮಾಡಿದರೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿರಿ. ಸಂಜೆ ಮಗ್ಗ ನಿಂತ ಮೇಲೆ ತಂದೆ-ಮಗ ಕೂಡಿ ಅರ್ಧ ತಾಸು ನಡೆಯಲಿ” ಎಂದು.

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಶರಣರಿಗೆ ಪ್ರಸಾದವೆಂದರೆ ಬರಿಯ ರುಚಿಯಲ್ಲ, ಮಿತಿಯೂ ಹೌದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನವರು ಹೆಚ್ಚಾದುದನ್ನು ತಂದಲ್ಲಿಗೇ ಹಿಂದಿರುಗಿಸಿ ಬರಲು ಹೇಳಿದರೆಂಬುದು ನಮಗೆಲ್ಲ ತಿಳಿದ ಕಥೆ. ಆ ಅಳತೆಗೋಲು ಪ್ರತಿ ಮನೆಯ ಉಂಡಿಯ ಡಬ್ಬಿಯ ಪಕ್ಕದಲ್ಲಿ ಇರಲಿ. ನೀರಾವರಿಯ ಬಂಧುಗಳು ಹೊಲದ ಒಂದು ಮೂಲೆಯಲ್ಲಾದರೂ ನಾಲ್ಕು ಸಾಲು ಜೋಳ, ಒಂದು ಸಾಲು ಅಗಸಿ ಹಾಕಿದರೆ, ಬರುವ ರೊಟ್ಟಿ ಹಬ್ಬದ ತಾಟು ಅವರ ಹೊಲದಿಂದಲೇ ತುಂಬೀತು.